ಬೈರಿದೇವರಕೊಪ್ಪದ ಹರಟೆಮಲ್ಲಗಳು ಮತ್ತು ಸುಲಭಾಳ ಸಿಟ್ಟು

ಬಲೆಯನ್ನು ಕತ್ತರಿಸಿದವಳು ತಾನೇ ಎಂದು ಸುಲಭಾ ಸವಣೂರ ಯಾರೂ ಕೇಳುವ ಮೊದಲೇ ಹೇಳಿಬಿಟ್ಟಳು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ದಿನವೂ ಬೆಳಿಗ್ಗೆ ಹೂವಿನ ಚಿತ್ರ, ಶರಣರ ಮಾತು, ನೀರು ಬರುವ ಸುದ್ದಿ ಇರುತ್ತಿದ್ದವು. ಆ ದಿನ ಅವುಗಳ ನಡುವೆ ಅವಳ ಸಂದೇಶವಿತ್ತು: "ಕ್ರಿಕೆಟ್ ಟರ್ಫಿನ ಬಲೆಯನ್ನು ಇವತ್ತು ಬೆಳಿಗ್ಗೆ ನಾನು ಕತ್ತರಿಸಿದ್ದೇನೆ. ಮತ್ತೆ ಕಟ್ಟಿದರೆ ಮತ್ತೆ ಕತ್ತರಿಸುತ್ತೇನೆ. ಸುಲಭಾ, ಎರಡನೇ ಕ್ರಾಸ್."

ಅವಳ ಗಂಡ ವೆಂಕಣ್ಣ ಅದನ್ನು ಓದಿದಾಗ ಒಂದು ಕೈಯಲ್ಲಿ ಚಹಾ ಇತ್ತು. ಅದನ್ನು ಕುಡಿಯದೆ ಕೆಳಗಿಟ್ಟು ಅಡುಗೆಮನೆಗೆ ಬಂದ.

"ಏನ್ ಮಾಡಿದಿ ಇದು?"

"ಬರದೇನಲ್ಲ, ಓದ್ರಿ."

"ಓದೇನಿ. ಮಂದಿನೂ ಓದ್ಯಾರ. ನಾ ಸಂಘದ ಕಾರ್ಯದರ್ಶಿ ಇದ್ದೇನಿ ಅನ್ನೋದು ನೆನಪದನೋ ಇಲ್ಲೋ ನಿನಗ?"

"ಅದು ನೆನಪಾಗೇ ಸಿಟ್ಟು ಇನ್ನಷ್ಟು ಬಂತು."

ಅವಳ ಚೂಡಿದಾರದ ತೋಳಿನ ಮೇಲೆ ರಕ್ತದ ಕಲೆ ಒಣಗುತ್ತಿತ್ತು. ಕಟ್ಟೆಯ ಮೇಲೆ ಹಳೇ ಪೇಪರು ಹಾಸಿ ಒಂದು ಹಕ್ಕಿಯನ್ನು ಮಲಗಿಸಿದ್ದಳು. ಬೂದು ಬಣ್ಣ, ಉದ್ದ ಬಾಲ, ಒಂದು ಕಾಲಿಗೆ ನೀಲಿ ಉಂಗುರ. ವೆಂಕಣ್ಣ ಬಗ್ಗಿ ಆ ಉಂಗುರವನ್ನು ನೋಡಿದ. ಆ ಹಕ್ಕಿ ಯಾವುದು ಎಂದು ಅವನಿಗೂ ಗೊತ್ತಿತ್ತು. ಊಟಕ್ಕೆ ಕೂತಾಗಲೆಲ್ಲ ಅದರ ಸುದ್ದಿ ಕೇಳಿ ಕೇಳಿ ಅವನಿಗೆ ಅದು ಬೀಗರ ಪೈಕಿಯ ಯಾರೋ ಎನ್ನುವಷ್ಟು ಪರಿಚಯವಾಗಿತ್ತು.

ಸುಲಭಾ ಧಾರವಾಡದ ಮಾಳಮಡ್ಡಿಯವಳು. ತಂದೆ ಸಾಲಿ ಮಾಸ್ತರರು, ಚಿಕ್ಕಪ್ಪ ತಂಬೂರಿ ಹಿಡಿದು ಕೂತರೆ ಊಟ ಮರೆಯುವವರು. ಎತ್ತರಿಸಿದ ದನಿ ಎಂದರೆ ಏನೆಂದೇ ಗೊತ್ತಿಲ್ಲದ ಆ ಮನೆಯಲ್ಲಿ ಹುಟ್ಟಿಯೂ ಈ ಹುಡುಗಿ ಮಾತ್ರ ಚಿಕ್ಕಂದಿನಿಂದ ಸಿಡಿಯುತ್ತಿದ್ದಳು. ಅನ್ಯಾಯ ಕಂಡರೂ ಸಿಡಿಯುವಳು, ಅರ್ಧ ಮಾಡಿ ಬಿಟ್ಟ ಕೆಲಸ ಕಂಡರೂ ಸಿಡಿಯುವಳು. ಹುಬ್ಬಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದ ಮೇಲೆ ಅಲ್ಲಿನ ಮಾಸ್ತರರು "ಹೆಸರಷ್ಟೇ ಸುಲಭಾ ನೋಡ್ರಿ" ಎಂದು ನಗುತ್ತಿದ್ದರು. ಅವಳ ಮುಂದೆ ಮಾತ್ರ ಯಾರೂ ನಗುತ್ತಿರಲಿಲ್ಲ.

ಬೈರಿದೇವರಕೊಪ್ಪದಲ್ಲಿ ಮನೆ ಕಟ್ಟಿಸಿಕೊಂಡು ಬಂದಾಗ ಬಡಾವಣೆಯ ಹಿಂದೆ ನಾಲಾದ ತನಕ ಬರೀ ಕಂಟಿ ಬೆಳೆದ ಜಾಗವಿತ್ತು. ಬಳ್ಳಾರಿ ಜಾಲಿ, ಬಾರಿ ಗಿಡ, ನಾಲಾದ ದಂಡೆಗೆ ಒಂದು ದೊಡ್ಡ ಬೇವು. ಉಳಿದವರಿಗೆ ಅದು ಹಾವು ಇರುವ ಜಾಗ, ಕಸ ಒಗೆಯುವ ಜಾಗ. ಸುಲಭಾಗೆ ಅಲ್ಲಿ ಹರಟೆಮಲ್ಲಗಳು ಸಿಕ್ಕವು. ನೆಲದ ಮೇಲೆ ಕುಪ್ಪಳಿಸಿಕೊಂಡು, ತರಗೆಲೆ ಕೆದರಿ, ಇಡೀ ದಿನ ಕಚಪಚ ಜಗಳಾಡುತ್ತ ತಿರುಗುವ ಈ ಹಕ್ಕಿಗಳನ್ನು ಯಾರೂ ಚಂದವೆಂದು ನಿಂತು ನೋಡುವುದಿಲ್ಲ. ಬಹುಶಃ ಅದಕ್ಕೇ ಅವಳಿಗೆ ಇಷ್ಟವಾದವು.

ಅವು ಒಬ್ಬಂಟಿಯಾಗಿ ಬಾಳುವ ಹಕ್ಕಿಗಳಲ್ಲ. ಗೂಡು ಒಂದು ಜೋಡಿಯದು, ಮರಿಗೆ ಹುಳ ತಂದು ತಿನ್ನಿಸುವವು ಮಾತ್ರ ಗುಂಪಿನ ಎಷ್ಟೋ ಹಕ್ಕಿಗಳು. ಒಂದು ಕೊಂಬೆಯ ತುದಿಯಲ್ಲಿ ಕೂತು ಕಾವಲು ಕಾಯುತ್ತದೆ, ಉಳಿದವು ಕೆಳಗೆ ನಿಶ್ಚಿಂತೆಯಿಂದ ಮೇಯುತ್ತವೆ. ಗಿಡುಗ ಕಂಡರೆ ಕಾವಲಿನ ಹಕ್ಕಿ ಕಿರುಚುತ್ತದೆ. ಬೆಕ್ಕು ಬಂದರೆ ಎಲ್ಲವೂ ಸೇರಿ ಅದರ ತಲೆಯ ಮೇಲೆ ಹಾರಾಡಿ ಅಟ್ಟುತ್ತವೆ. ಇದೆಲ್ಲ ಪುಸ್ತಕದಲ್ಲಿತ್ತು. ಸುಲಭಾಗೆ ಬೇಕಾದದ್ದು ಬೇರೆ ಪ್ರಶ್ನೆಯ ಉತ್ತರ: ಕರೆದಾಗ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ? ಅರಣ್ಯ ಇಲಾಖೆಯ ಅನುಮತಿ ಪಡೆದು, ಒಬ್ಬ ಪರಿಣತರನ್ನು ಕರೆಸಿ, ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ಹಾಕಿಸಿದಳು. ಕಾಲೇಜಿಗೆ ಚಿಗರಿ ಬಸ್ಸು ಹಿಡಿಯುವ ಮೊದಲು ದಿನವೂ ಬೆಳಿಗ್ಗೆ ಕಂಟಿಯೊಳಗೆ ಹೋಗಿ ಕೂತಳು. ಹೀಗೆ ನಾಲ್ಕು ವರ್ಷ.

ಅವಳಿಗೆ ಗೊತ್ತಾದದ್ದು ಇಷ್ಟು. ಒಂದೇ ರಕ್ತದವು ಎಂಬ ಕಾರಣಕ್ಕಷ್ಟೇ ಅವು ಸಹಾಯಕ್ಕೆ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಯಾವುದು ಯಾವುದಕ್ಕೆ ಅಂಟಿ ಕೂರುತ್ತದೋ, ಯಾವುದು ಯಾವುದರ ಕತ್ತಿನ ಪುಕ್ಕ ಕೊಕ್ಕಿನಿಂದ ಬಾಚುತ್ತದೋ, ಕಷ್ಟ ಬಂದಾಗ ಅದು ಅದರ ಹತ್ತಿರ ಓಡುತ್ತದೆ. ಗುಂಪಿನಲ್ಲಿ ಒಳಗೊಳಗೇ ಎರಡು ಪಾಳೆಯಗಳಿದ್ದವು. ಜಾಲಿ ಕಂಟಿಯವು ಒಂದು ಕಡೆ, ಬೇವಿನ ಮರದವು ಇನ್ನೊಂದು ಕಡೆ. ಎರಡೂ ಕಡೆ ಹೋಗಿ ಕೂರುತ್ತಿದ್ದದ್ದು ಒಂದೇ ಹಕ್ಕಿ, ನೀಲಿ ಉಂಗುರದ್ದು. ಅದು ಗುಂಪಿನ ಮುಂದಾಳಲ್ಲ, ಅದಕ್ಕೆ ಸ್ವಂತ ಗೂಡೂ ಇರಲಿಲ್ಲ. ಆದರೆ ನೀಲಿ ಇದ್ದ ಕಾರಣಕ್ಕೇ ಬೇವಿನ ಹಕ್ಕಿ ಕೂಗಿದರೆ ಜಾಲಿಯ ಹಕ್ಕಿ ಬರುತ್ತಿತ್ತು. ಹಾಗೆಂದು ಸುಲಭಾ ನಂಬಿದ್ದಳು. ಆ ನಂಬಿಕೆಯನ್ನು ಪರೀಕ್ಷಿಸಬೇಕೆಂದರೆ ನೀಲಿಯನ್ನು ಗುಂಪಿನಿಂದ ತೆಗೆದು ನೋಡಬೇಕಿತ್ತು. ಅಂಥ ಕೆಲಸ ತನ್ನಿಂದ ಆಗದು ಎಂದು ಅವಳು ಬಿಟ್ಟಿದ್ದಳು.

ಅದನ್ನು ಬಡಾವಣೆಯ ಸಂಘ ಮಾಡಿತು.

ಅಧ್ಯಕ್ಷ ಶಿವಯೋಗೀಶ ಅರಳೆ ವ್ಯಾಪಾರದ ಮನೆತನದವನು. ಗಟ್ಟಿ ದನಿ, ನಗುಮುಖ, ಯಾರ ಮನೆಯ ಕಾರ್ಯವಿದ್ದರೂ ಮುಂದೆ ನಿಂತು ಬಡಿಸುವವನು. ಕಂಟಿ ಜಾಗದ ಅಂಚಿನಲ್ಲಿ ಬಾಕ್ಸ್ ಕ್ರಿಕೆಟ್ ಆಡುವ ಟರ್ಫ್ ಮಾಡಿಸಬೇಕೆಂದು ಅವನಿಗೆ ಹೊಳೆಯಿತು. ಹಸಿರು ಚಾಪೆ ಬಂತು, ಕಂಬ ನಿಂತವು, ದೀಪ ಬಂತು. ಚೆಂಡು ಕಂಟಿಗೆ ಹೋಗದಂತೆ ತೆಳ್ಳನೆಯ ನೈಲಾನ್ ಬಲೆಯನ್ನು ಕಂಬದಿಂದ ನೆಲದ ತನಕ ಜೋಲು ಬಿಟ್ಟು ಕಟ್ಟಿಸಿದ. ಬಿಸಿಲಿಗೆ ಆ ದಾರ ಕಣ್ಣಿಗೇ ಬೀಳುತ್ತಿರಲಿಲ್ಲ. ಸುಲಭಾ ಅವನ ಮನೆಗೆ ಹೋಗಿ, ಹಕ್ಕಿ ಸಿಕ್ಕಿಬೀಳುತ್ತವೆ, ದಪ್ಪ ದಾರದ್ದು ಹಾಕಿಸಿ, ಬಿಗಿಯಾಗಿ ಕಟ್ಟಿಸಿ ಎಂದು ಹೇಳಿಬಂದಳು. ಅವನು ತಿನ್ನಲು ಗಿರಮಿಟ್ಟು ತರಿಸಿ ಕೊಟ್ಟ, ನಗುನಗುತ್ತ ಆಗಲಿ ಎಂದ. ಏನೂ ಆಗಲಿಲ್ಲ. ಗುಂಪಿನಲ್ಲಿ ಬರೆದಳು. ಯಾರೋ ಕೈ ಮುಗಿದ ಚಿತ್ರ ಹಾಕಿದರು.

ಆ ದಿನ ಬೆಳಿಗ್ಗೆ ಅವಳಿಗೆ ದೂರದಿಂದಲೇ ಕಿರುಚಾಟ ಕೇಳಿಸಿತು. ಓಡಿ ಹೋಗಿ ನೋಡಿದರೆ ನೀಲಿ ಬಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ರೆಕ್ಕೆಗೆ ಸುತ್ತಿದ ದಾರ ಎಲುಬಿನ ತನಕ ಕೊರೆದಿತ್ತು. ಬೇವಿನವು ಜಾಲಿಯವು ಎಲ್ಲ ಬಂದಿದ್ದವು. ಬಲೆಗೆ ಹಾರಿ ಬಡಿಯುವವು, ನೀಲಿಯ ಪಕ್ಕಕ್ಕೇ ಜೋತು ಬೀಳುವವು. ಹಾಗೆ ಬಂದವುಗಳಲ್ಲೇ ಇನ್ನೆರಡು ಸಿಕ್ಕಿಕೊಂಡಿದ್ದವು. ಬಿಡಿಸಲು ಬಂದದ್ದಕ್ಕೇ ಸಿಕ್ಕಿಕೊಂಡವು. ಸುಲಭಾ ಮನೆಗೆ ಓಡಿ ಅಡುಗೆಮನೆಯ ಕತ್ತರಿ ತಂದಳು. ಎರಡನ್ನು ಕತ್ತರಿಸಿ ಬಿಟ್ಟಳು. ಹಾರಿದವು. ನೀಲಿಯನ್ನು ಬಿಡಿಸುವ ಹೊತ್ತಿಗೆ ಅದು ಅವಳ ಅಂಗೈಯಲ್ಲಿ ಒಮ್ಮೆ ಕಣ್ಣು ತೆರೆದು ಮುಚ್ಚಿತು. ಆಮೇಲೆ ಅವಳು ನಿಲ್ಲಲಿಲ್ಲ. ಈ ಕಂಬದಿಂದ ಆ ಕಂಬದ ತನಕ ಬಲೆಯನ್ನು ಕತ್ತರಿಸುತ್ತಲೇ ಹೋದಳು.

ಭಾನುವಾರ ಸಂಘದ ಸಭೆ ಕರೆದರು. ಸಮುದಾಯ ಭವನದ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ಶಿವಯೋಗೀಶ ಎದ್ದು ನಿಂತು ಬಹಳ ಸಮಾಧಾನದಿಂದ ಮಾತಾಡಿದ. ಮಕ್ಕಳ ಆಟದ ಬಗ್ಗೆ ಹೇಳಿದ, ಬಡಾವಣೆಯ ಹೆಸರಿನ ಬಗ್ಗೆ ಹೇಳಿದ. ಕೊನೆಗೆ, "ಮೇಡಮ್ಮಾರಿಗೆ ಹಕ್ಕಿ ಮ್ಯಾಲ ಪ್ರೀತಿ ಐತಿ, ನನಗೂ ಐತಿ. ಖರೇ ಹೇಳಬೇಕಂದ್ರ ನಾವು ಹಕ್ಕಿ ನೋಡಿ ಒಗ್ಗಟ್ಟು ಕಲೀಬೇಕ್ರಿ. ಒಬ್ಬರ ಕಷ್ಟಕ್ಕ ಒಬ್ಬರು ಬರೋದು ಹ್ಯಾಂಗಂತ ಕಲೀಬೇಕು," ಎಂದ. ಚಪ್ಪಾಳೆ ಬಿತ್ತು.

ಸುಲಭಾ ಎದ್ದಳು.

"ನೀವು ಕಲಿಯೋದೇನೂ ಉಳದಿಲ್ರಿ. ಅವುಗಳ ಹಂಗೇ ಇದ್ದೀರಿ. ಯಾರ ಹಂತ್ಯಾಕ ಕೂಡ್ತೀರಿ ಅವರು ಕೈ ಎತ್ತಿದ್ರ ನೀವೂ ಎತ್ತತೀರಿ. ಅದು ಸರಿನೋ ತಪ್ಪೋ ನೋಡೋದಿಲ್ಲ. ಅವು ಹಕ್ಕಿ, ಅವಕ್ಕ ನೋಡ್ಲಿಕ್ಕೆ ಬರೋದಿಲ್ಲ. ನಿಮಗೇನಾಗೇದ? ಒಗ್ಗಟ್ಟಂತ ಒಗ್ಗಟ್ಟು! ಒಗ್ಗಟ್ಟಿಗೆ ಬಂದ ಹಕ್ಕಿನ ನಿಮ್ಮ ಬಲ್ಯಾಗ ಸಿಕ್ಕು ಒದ್ದಾಡಿದ್ವು. ಅದನ್ನ ನೋಡಿದವರು ಯಾರಿದ್ದೀರಿ ಇಲ್ಲೆ? ಮನೀ ಹಿಂದ ಅಷ್ಟು ಒದರ್ಲಿಕ್ಕತ್ತಿದ್ವು, ಕಿವಿ ಇರಲಿಲ್ಲೇನು?"

ಹಿಂದಿನ ಸಾಲಿನಿಂದ ಒಬ್ಬರು "ಮೇಡಂ, ಇದು ಕ್ಲಾಸಲ್ರಿ" ಎಂದರು. ನಗೆ ಎದ್ದಿತು. ಬಲೆಯನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿಸಬೇಕು ಎನ್ನುವವರು ಕೈ ಎತ್ತಬೇಕೆಂದು ಶಿವಯೋಗೀಶ ಕೇಳಿದ. ಮುಂದಿನ ಸಾಲಿನವರು ಎತ್ತಿದರು, ಅವರನ್ನು ನೋಡಿ ಹಿಂದಿನವರು ಎತ್ತಿದರು. ವೇದಿಕೆಯ ಪಕ್ಕ ಕೂತಿದ್ದ ವೆಂಕಣ್ಣ ಹೆಂಡತಿಯತ್ತ ನೋಡದೆ ತಾನೂ ಎತ್ತಿದ. ಮೊಣಕೈ ಮೇಜಿನ ಮೇಲೆ ಇಟ್ಟುಕೊಂಡೇ ಬೆರಳು ಮೇಲೆ ಮಾಡಿದ್ದ, ಆದರೆ ಎತ್ತಿದ್ದ.

ಮನೆಗೆ ಬಂದ ಮೇಲೆ ಅವನು ಬೂಟು ಬಿಚ್ಚುತ್ತ, "ನಾ ಕಾರ್ಯದರ್ಶಿ. ಎಲ್ಲಾರೂ ಎತ್ತಿದಾಗ ನಾ ಒಬ್ಬನ ಹ್ಯಾಂಗ ಸುಮ್ಮ ಕೂಡ್ಲಿ?" ಎಂದ.

"ಕೂಡೋದು ಅಷ್ಟು ಕಷ್ಟನ? ಕೈ ತೊಡಿ ಮ್ಯಾಲ ಇಟ್ಕೊಂಡು ಕೂಡೋದು?"

"ಸುಲಭಾ, ನಾಳೆ ನಮಗೊಂದು ಕಷ್ಟ ಬಂದ್ರ ಇದೇ ಮಂದಿ ಬರಬೇಕು."

"ಇವತ್ತು ಬಂದದ. ಯಾರು ಬಂದ್ರು?"

ಅದಾದ ಮೇಲೆ ಅವರಿಬ್ಬರ ನಡುವೆ ಅಡುಗೆ, ಕೀಲಿಕೈ, ಹಾಲಿನವನು ಇಷ್ಟರ ಹೊರತು ಮಾತು ನಿಂತಿತು.

ಬಡಾವಣೆಯೂ ಅವಳೊಂದಿಗೆ ಮಾತು ನಿಲ್ಲಿಸಿತು. ಯಾರೂ ಬಹಿರಂಗವಾಗಿ ಏನೂ ಹೇಳಲಿಲ್ಲ. ಎದುರು ಬಂದವರು ಫೋನು ನೋಡುತ್ತ ಹೋದರು. ಅರಿಶಿನ ಕುಂಕುಮಕ್ಕೆ ಕರೆ ಬರಲಿಲ್ಲ. ಮೊದಲು ಕರೆದಾಗಲೂ ಅವಳು ಹೋಗುತ್ತಿರಲಿಲ್ಲ, ಆದರೆ ಕರೆಯದಿರುವುದು ಬೇರೆಯೇ ಎಂದು ಈಗ ತಿಳಿಯಿತು. ಅವಳಿಗೆ ದುಃಖವಾಗಲಿಲ್ಲ, ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ನಿಂತಾಗಲೂ ಹಲ್ಲು ಕಚ್ಚಿಕೊಂಡಿರುತ್ತಿದ್ದಳು.

ಉರಿಯಲು ಇನ್ನೊಂದು ಕಾರಣವಿತ್ತು. ಕಂಟಿಯೊಳಗೆ ಹಕ್ಕಿಗಳ ಗುಂಪು ಅವಳ ಕಣ್ಣೆದುರೇ ಸೀಳಿತು. ಮೊದಲ ವಾರ ಬೇವಿನವು ಜಾಲಿಯವು ಒಂದನ್ನೊಂದು ಕರೆಯುತ್ತಿದ್ದವು. ಆಮೇಲೆ ಮಧ್ಯಾಹ್ನ ಒಟ್ಟಿಗೆ ಕೂರುವುದನ್ನು ಬಿಟ್ಟವು. ಜಾಲಿಯ ಕಡೆ ಕೆಂಪು ಉಂಗುರದ ಹಕ್ಕಿಯ ಗೂಡಿತ್ತು. ಸುಲಭಾ ಅದನ್ನು ಕೆಂಪಿ ಎನ್ನುತ್ತಿದ್ದಳು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಗೂಡಿಗೆ ಕೆಂಬೂತ ನುಗ್ಗಿತು. ಕೆಂಪಿ ಒದರಿತು. ಜಾಲಿಯ ನಾಲ್ಕು ಹಕ್ಕಿ ಬಂದು ಹೊಡೆದಾಡಿದವು. ಬೇವಿನವು ನಾಲಾದ ದಂಡೆಯ ಮೇಲಿನಿಂದ ಕತ್ತು ಉದ್ದ ಮಾಡಿ ನೋಡುತ್ತ ಕೂತವು. ಹಿಂದೆ ಇಂಥದೇ ಕೂಗಿಗೆ ಅವು ಹಾರಿ ಬಂದದ್ದನ್ನು ಸುಲಭಾ ಎಷ್ಟೋ ಸಲ ನೋಡಿದ್ದಳು. ಈ ಸಲ ಒಂದೂ ಬರಲಿಲ್ಲ. ಕೆಂಬೂತ ಮರಿಗಳನ್ನು ಒಂದೊಂದಾಗಿ ನುಂಗಿ ಹೋಯಿತು.

"ಬರ್ರೆಲಾ! ಅಲ್ಲೇನ್ ನೋಡ್ಲಿಕ್ಕತ್ತೀರಿ!" ಎಂದು ಅವಳು ಹಕ್ಕಿಗಳಿಗೆ ಒದರಿದಳು. ದನಿ ಒಡೆದು ಕೆಮ್ಮು ಬಂತು. ನೀಲಿಯ ಬಗ್ಗೆ ತನ್ನ ನಂಬಿಕೆ ಸರಿಯಾಗಿತ್ತು ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ಹಾಗೆ ಸರಿಯಾದದ್ದರ ಮೇಲೂ ಸಿಟ್ಟು ಬಂತು.

ಅಷ್ಟರಲ್ಲಿ ಹೊಸ ಬಲೆ ಬಂದಿತ್ತು, ಅದೇ ತೆಳ್ಳನೆಯ ದಾರದ್ದು. ಕತ್ತರಿಸಿದರೆ ಅಂಥದೇ ಇನ್ನೊಂದು ಬರುತ್ತದೆ ಎಂದು ಸುಲಭಾಗೆ ಈಗ ಗೊತ್ತಾಗಿತ್ತು. ಅದನ್ನು ಕಟ್ಟಿದ ಗೌಸಮೊದ್ದೀನನ ಅಂಗಡಿ ಹಳೇ ಹುಬ್ಬಳ್ಳಿಯಲ್ಲಿದೆ ಎಂದು ತಿಳಿದು ಸುಲಭಾ ಕಾಲೇಜು ಮುಗಿಸಿ ನೇರ ಅಲ್ಲಿಗೆ ಹೋದಳು. ಇಕ್ಕಟ್ಟಿನ ಗಲ್ಲಿ, ಅಂಗಡಿಯ ತುಂಬ ಹಗ್ಗ, ತಾಡಪತ್ರಿ, ಬಲೆಯ ಸುರುಳಿ. ಸುಲಭಾ ಚಪ್ಪಲಿ ಬಿಡುವ ಮೊದಲೇ ಬಯ್ಯಲು ಸುರು ಮಾಡಿದಳು. ಹಕ್ಕಿ ಸಾಯುವ ಬಲೆ ಮಾರುತ್ತೀರಿ, ನಾಚಿಕೆ ಇಲ್ಲವೇ ಎಂದಳು.

ಗೌಸಮೊದ್ದೀನ ಐವತ್ತು ದಾಟಿದ ಮನುಷ್ಯ. ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಕೈಯಲ್ಲಿದ್ದ ಹಗ್ಗವನ್ನು ನೆಲಕ್ಕೆ ಒಗೆದ.

"ಯಾರಿಗೆ ಬಯ್ಯಾಕತ್ತೀರಿ ಮೇಡಂ? ದಪ್ಪಂದು ಹಾಕ್ರಿ ಅಂತ ನಾನೂ ಹೇಳೇನಿ. ಬ್ಯಾಡ ಇದ ಹಾಕು ಅಂದ್ರು, ಹಾಕ್ದೆ. ನಿಮ್ಮ ಬಡಾವಣ್ಯಾಗ ನಿಮ್ಮ ಮಾತು ಕೇಳವ್ರು ಒಬ್ಬರೂ ಇಲ್ಲಂತ ನನ್ನ ಅಂಗಡ್ಯಾಗ ಬಂದು ಒದರ್ತೀರೇನು?"

ಅದು ಅವಳಿಗೆ ಸರಿಯಾಗಿ ತಾಗಿತು. ಮಾತು ಹೊರಟದ್ದು ಮಾತ್ರ ಅದೇ ದನಿಯಲ್ಲಿ. "ಮತ್ತ ಏನು ಮಾಡಬೇಕು ಹೇಳ್ರಿ! ಸುಮ್ಮನ ನೋಡ್ಕೋತ ಕೂಡಲೇನು?"

"ಪರದಾದಂಗ ಮಾಡಿಕೊಡ್ತೇನಿ. ಆಟ ಮುಗಿದ ಮ್ಯಾಲ ಹಗ್ಗ ಜಗ್ಗಿದ್ರ ಮ್ಯಾಲ ಸುತ್ತಕೊಂಡು ಹೋಕ್ಕೈತಿ. ಆದ್ರ ನೀವು ಹೇಳಿದ್ರ ನಾ ಮಾಡಂಗಿಲ್ಲ. ಸಂಘದ ಮಂದಿ ಪೈಕಿ ಫೋನ್ ಬರಲಿ. ನಾಳೆ ಮತ್ತ ಅವರ ಕಡೆ ಕೆಲಸಕ್ಕ ಹೋಗಬೇಕಲ್ರಿ ನಾ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಸುಲಭಾ ಮೊದಲ ಸಲ ಬಡಾವಣೆಯನ್ನು ಹಕ್ಕಿಗಳ ಗುಂಪಿನ ಹಾಗೆ ಮನಸ್ಸಿನೊಳಗೆ ಬಿಡಿಸಿ ನೋಡಿದಳು. ಯಾರು ಯಾರ ಮನೆಗೆ ಹೋಗುತ್ತಾರೆ, ಯಾರ ಕಟ್ಟೆಯ ಮೇಲೆ ಯಾರು ಕೂರುತ್ತಾರೆ. ಎಲ್ಲಿಂದ ಎಳೆ ಹಿಡಿದರೂ ಅದು ಮೂರನೇ ಕ್ರಾಸಿನ ಆರತಿಯ ಮನೆಗೆ ಹೋಗಿ ಮುಟ್ಟಿತು. ಆರತಿ ಕಾರು ನಿಲ್ಲಿಸುವ ಜಾಗದಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಜಂಪರು ಹೊಲಿಯುವವಳು. ಬಡಾವಣೆಯ ಹೆಂಗಸರೆಲ್ಲ ಅಲ್ಲಿಗೆ ಹೋಗುತ್ತಾರೆ. ಬೆಳಗಿನ ವಾಕಿಂಗಿಗೆ ಎಲ್ಲರನ್ನು ಎಬ್ಬಿಸುವವಳು ಅವಳೇ. ಅವಳ ಗಂಡ ಶಿವಯೋಗೀಶನ ಗೆಳೆಯ. ಸುಲಭಾ ಅವಳನ್ನು ಮನಸ್ಸಿನಲ್ಲೇ "ಬಾಯಿಬಡಕಿ" ಎಂದು ಬದಿಗಿಟ್ಟಿದ್ದಳು. ಈಗ ಅವಳ ಮನೆಗೆ ಹೋಗಬೇಕೆಂಬುದೇ ಹೊಸದೊಂದು ಸಿಟ್ಟಾಯಿತು.

ಆರತಿ ತುಟಿಯ ನಡುವೆ ಗುಂಡುಪಿನ್ನು ಹಿಡಿದು ಬಟ್ಟೆಗೆ ಗುರುತು ಹಾಕುತ್ತಿದ್ದಳು. ಸುಲಭಾ ನಿಂತುಕೊಂಡೇ ವಿಷಯ ಹೇಳಿದಳು. ಶಿವಯೋಗೀಶರಿಗೆ ನೀವು ಹೇಳಿದರೆ ಕೇಳುತ್ತಾರೆ, ಹೇಳಿ ಎಂದಳು. ಅವಳ ಬಾಯಲ್ಲಿ ಅದು ವಿನಂತಿಯ ಹಾಗೆ ಕೇಳಿಸಲಿಲ್ಲ.

ಆರತಿ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು.

"ಹತ್ತು ವರ್ಷಾತ್ರಿ ನೀವು ಇಲ್ಲಿ ಬಂದು. ಒಂದ ಸಲ ನಮ್ಮನೀ ಹೊಸ್ತಿಲಾ ತುಳದಿಲ್ಲ. ನಮ್ಮ ಮಾವನಾರು ತೀರಿಕೊಂಡಾಗ ಇಡೀ ಬಡಾವಣಿ ಬಂದಿತ್ತು. ನೀವು ಬರಲಿಲ್ಲ. ಕಂಟ್ಯಾಗ ಕುಂತಿದ್ರಂತ, ನೋಡಿದವರು ಹೇಳ್ಯಾರ."

"ನಾ ಬಂದಿದ್ರ ಅವರು ಎದ್ದು ಕೂಡ್ತಿದ್ರೇನು?"

ಮಾತು ಬಾಯಿಂದ ಹೊರಬಿದ್ದ ಮೇಲೆ ಸುಲಭಾಗೂ ಅದು ಅತಿಯಾಯಿತು ಅನ್ನಿಸಿತು. ಆರತಿಯ ಮುಖ ಕೆಂಪಾಯಿತು.

"ನಡೀರಿ ಹೊರಗ," ಎಂದಳು. "ಹಕ್ಕಿ ಅಂದ್ರ ಕಣ್ಣಾಗ ನೀರು ಬರತಾವು, ಮನಷಾ ಸತ್ರ ಮಾತು ಹಿಂಗ ಬರತಾವು. ನಡೀರಿ."

ಸುಲಭಾ ಹೊರಗೆ ಬಂದಳು. ಆ ಸಂಜೆ ಅವಳು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕಂಟಿಯ ಹತ್ತಿರ ಇರುವಾಗ ಹಿಂದಿನಿಂದ ಆರತಿ ಬಂದಳು. ಕಾಲಲ್ಲಿ ವಾಕಿಂಗಿನ ಬೂಟು, ತಲೆಗೆ ಸ್ಕಾರ್ಫು. ಸಂಧಾನಕ್ಕೆ ಬಂದವಳಲ್ಲ, ಬಯ್ಯುವುದು ಇನ್ನೂ ಬಾಕಿ ಇತ್ತು. "ರಾತ್ರಿ ನಿದ್ದಿ ಹತ್ತಲಿಲ್ರಿ ನನಗ. ಮಾವನಾರ ಬಗ್ಗೆ ಅಂಥಾ ಮಾತು ಆಡೂದಂದ್ರ..." ಎಂದು ಆರಂಭಿಸಿದಳು. ಮಾತು ಮುಂದೆ ಹೋಗಲಿಲ್ಲ. ಬಲೆಯ ಆ ಕಡೆಯಿಂದ ಚೀರಾಟ ಎದ್ದಿತು.

ಈ ಸಲ ಸಿಕ್ಕಿಬಿದ್ದದ್ದು ಕೆಂಪಿ. ಜಾಲಿಯ ಹಕ್ಕಿಗಳು ಸುತ್ತ ಕುಪ್ಪಳಿಸಿ ಬಾಯಿ ತೆರೆದು ಒದರುತ್ತಿದ್ದವು. ಒಂದು ಬಲೆಗೆ ಜೋತು ಬಿದ್ದು ದಾರವನ್ನು ಕೊಕ್ಕಿನಿಂದ ಎಳೆಯುತ್ತಿತ್ತು. ಸುಲಭಾ ಕೈಯಲ್ಲಿ ಏನೂ ತಂದಿರಲಿಲ್ಲ. ಹಕ್ಕಿಯನ್ನು ಹಿಡಿದು ದಾರ ಎಳೆಯಲು ಹೋದಳು.

"ಜಗ್ಗಬ್ಯಾಡ್ರಿ! ಬಿಗಿತೈತಿ," ಎಂದು ಆರತಿ ಅವಳ ಕೈ ಸರಿಸಿದಳು. "ನೀವು ಮೈ ಹಿಡೀರಿ, ಗಟ್ಟಿ ಅಲ್ಲ, ಸುಮ್ಮ ಹಿಡೀರಿ."

ಸಿಕ್ಕಾದ ದಾರ ಬಿಡಿಸುವುದು ಅವಳ ದಿನದ ಕೆಲಸ. ರೆಕ್ಕೆಯ ಬುಡದಿಂದ ಒಂದೊಂದೇ ಸುತ್ತನ್ನು ಉಗುರಿನ ತುದಿಯಿಂದ ಎತ್ತಿ ತೆಗೆದಳು. ಉಳಿದ ಹಕ್ಕಿಗಳು ಅವರಿಬ್ಬರ ತಲೆಯ ಮೇಲೆಯೇ ಹಾರಿ ಬಡಿದವು. ಒಂದು ಆರತಿಯ ಸ್ಕಾರ್ಫನ್ನು ಕುಕ್ಕಿತು. ಅವಳು ಹೆದರಿ "ಯವ್ವಾ!" ಎಂದಳು, ಬೆರಳು ಮಾತ್ರ ನಿಲ್ಲಿಸಲಿಲ್ಲ. ಕೊನೆಯ ಸುತ್ತು ಬಿಚ್ಚಿದಾಗ ಕೆಂಪಿ ಸುಲಭಾಳ ಕೈಯಿಂದ ಜಿಗಿದು ಕಂಟಿಯೊಳಗೆ ಹೋಯಿತು. ಹಿಂದೆಯೇ ಉಳಿದವು ಹೋದವು. ಒಳಗಿನಿಂದ ಬಹಳ ಹೊತ್ತು ಕಚಪಚ ಕೇಳಿಸಿತು.

ಆರತಿಯ ಬೆರಳಿಗೆ ರಕ್ತ ಹತ್ತಿತ್ತು. ಫೋನು ತೆಗೆದು ಅಲ್ಲಿಯೇ ನಿಂತು ಶಿವಯೋಗೀಶನಿಗೆ ಹಚ್ಚಿದಳು.

"ಅಣ್ಣಾರ, ಟರ್ಫಿನ ಹಿಂದ ಬರ್ರಿ. ಈಗಂದ್ರ ಈಗ. ನಾಷ್ಟಾ ಆಮ್ಯಾಲ ಮಾಡೀರಂತ. ಹಕ್ಕಿ ಹ್ಯಾಂಗ ಒದ್ದಾಡಿ ಸಾಯ್ತಾವು ಅಂತ ನನಗ ಇವತ್ತ ಗೊತ್ತಾತು. ನಿಮಗೂ ಗೊತ್ತಾಗಬೇಕು."

ಅವನು ಬಂದ. ಬಲೆಯಲ್ಲಿ ಉಳಿದ ಪುಕ್ಕ ನೋಡಿದ, ಆರತಿಯ ಬೆರಳು ನೋಡಿದ, ಸುಲಭಾಳನ್ನು ಮಾತ್ರ ನೋಡಲಿಲ್ಲ. ಗೌಸಮೊದ್ದೀನ ಹೇಳಿದ ಪರದೆಯ ಉಪಾಯವನ್ನು ಸುಲಭಾ ಹೇಳಿದಳು. ಅವನು ಆರತಿಗೆ ಉತ್ತರ ಕೊಟ್ಟ.

"ಆಗಲಿ. ಮಾಡಸೂಣು. ಆದ್ರ ಬಲಿ ಹರದಿದ್ದಕ್ಕ ಗುಂಪಿನ್ಯಾಗ ಒಂದು ಕ್ಷಮಾ ಕೇಳಬೇಕು ಅವರು. ನನಗೂ ಮರ್ಯಾದಿ ಐತಿ."

"ಕೇಳೂದಿಲ್ಲ," ಎಂದಳು ಸುಲಭಾ. "ಸತ್ತ ಹಕ್ಕಿಗೆ ನೀವು ಕೇಳಿದ ದಿನ ನಾ ಕೇಳ್ತೇನಿ."

"ನೋಡಿದ್ರೇನು?" ಎಂದು ಅವನು ಆರತಿಯತ್ತ ತಿರುಗಿದ. "ಇಂಥವರ ಸಲುವಾಗಿ..."

"ಇವರ ಸಲುವಾಗಿ ಅಲ್ರಿ ಅಣ್ಣಾರ," ಎಂದಳು ಆರತಿ. "ಇವರ ಬಾಯಿ ನನಗೂ ಸೇರಂಗಿಲ್ಲ. ಬಲಿ ಸುತ್ತಸ್ರಿ."

ಗೌಸಮೊದ್ದೀನ ಆ ವಾರವೇ ಬಂದು ರಾಟೆ, ಹಗ್ಗ ಕೂಡಿಸಿ ಬಲೆಯನ್ನು ಪರದೆಯ ಹಾಗೆ ಮಾಡಿಕೊಟ್ಟ. ಕತ್ತಲಾದ ಮೇಲೆ ಆಡುವವರೇ ಹೆಚ್ಚು. ಆಟ ಮುಗಿಸಿದವರು ಬಲೆ ಸುತ್ತುವುದನ್ನು ಮರೆತು ಹೋಗುತ್ತಿದ್ದರು. ಬೆಳಕು ಹರಿಯುವ ಮೊದಲು ಯಾರಾದರೂ ಬಂದು ಹಗ್ಗ ಜಗ್ಗಲೇಬೇಕಿತ್ತು. ಮೊದಮೊದಲು ಸುಲಭಾ ಒಬ್ಬಳೇ ಜಗ್ಗಿದಳು, ಮರೆತವರನ್ನೆಲ್ಲ ಗುಂಪಿನಲ್ಲಿ ಹೆಸರು ಹಿಡಿದು ಬಯ್ದಳು. ಆಮೇಲೆ ಆರತಿ ಬಂದಳು, ಆರತಿಯ ಹಿಂದೆ ವಾಕಿಂಗಿನ ಹೆಂಗಸರು ಬಂದರು. ಅವರು ಹಕ್ಕಿಗಾಗಿ ಬಂದವರಲ್ಲ, ಆರತಿ ಕರೆದಳೆಂದು ಬಂದವರು. ಸುಲಭಾಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವರ ಕೈಗೆ ಹಗ್ಗ ಕೊಟ್ಟಳು.

ಒಂದು ಭಾನುವಾರ ವೆಂಕಣ್ಣ ಅವಳಿಗಿಂತ ಮೊದಲೇ ಎದ್ದು ಹೋಗಿ ಬಲೆ ಸುತ್ತಿ ಬಂದ. ಅಂಗೈ ಕೆಂಪಾಗಿತ್ತು. ಅದನ್ನು ತೋರಿಸುವ ಹಾಗೆ ಮೇಜಿನ ಮೇಲೆ ಇಟ್ಟುಕೊಂಡು ಕೂತ. ಸುಲಭಾ ನೋಡಿದಳು. "ಆ ಕೈ ಸಭಾದಾಗ ಎತ್ತಿದ ಕೈ ಏನ್ರಿ?" ಎಂದಳು. ಅವನು ಹೌದೆಂದ. ಅವಳು ಚಹಾ ಮಾಡಿ ಕೊಟ್ಟಳು. ಆದರೆ ಆ ಸಭೆಯ ವಿಷಯ ಅವರ ಮನೆಯಲ್ಲಿ ಇವತ್ತಿಗೂ ಮುಗಿದಿಲ್ಲ.

ಮಳೆಗಾಲಕ್ಕೆ ಮುಂಚೆ ಟರ್ಫಿನ ಬಾಗಿಲಿಗೆ ಒಂದು ಬೋರ್ಡು ಬಂತು. "ಪಕ್ಷಿಸ್ನೇಹಿ ಮೈದಾನ" ಎಂದು ದಪ್ಪ ಅಕ್ಷರ, ಕೆಳಗೆ ಶಿವಯೋಗೀಶನ ಹೆಸರು, ಪಕ್ಕದಲ್ಲಿ ಒಂದು ಗಿಳಿಯ ಚಿತ್ರ. ಅದನ್ನು ನೋಡಿದ ದಿನ ಸುಲಭಾ ಕಾಲೇಜಿನಲ್ಲಿ ಕಂಡಕಂಡವರ ಮೇಲೆ ಹರಿಹಾಯ್ದಳು. "ಹೆಸರು ಹಾಕ್ಕೊಳ್ಳಲಿ ಬಿಡ್ರಿ, ಬಲಿ ಸುತ್ತತೈತಲ್ಲ," ಎಂದಳು ಆರತಿ. ಸುಲಭಾ ಬಿಡಲಿಲ್ಲ. ಶಿವಯೋಗೀಶ ಎದುರಾದರೆ ಇಂದಿಗೂ ಅವಳು ಕತ್ತು ತಿರುಗಿಸುವುದಿಲ್ಲ, ನೇರ ಅವನ ಮುಖ ನೋಡುತ್ತ ಹೋಗುತ್ತಾಳೆ. ಪಕ್ಕಕ್ಕೆ ಸರಿಯುವವನು ಅವನೇ.

ಹಕ್ಕಿಗಳಿಗೆ ಇದೆಲ್ಲ ತಡವಾಗಿತ್ತು. ಬೇವಿನ ಪಾಳೆಯ ನಾಲಾ ದಾಟಿ ಆಚೆಗೆ ಹೋಗಿಬಿಟ್ಟಿತು. ಈ ಕಡೆ ಉಳಿದದ್ದು ಕೆಂಪಿ ಮತ್ತು ನಾಲ್ಕು. ಶ್ರಾವಣದಲ್ಲಿ ಎಲ್ಲಿಂದಲೋ ಒಂದು ಒಂಟಿ ಹರಟೆಮಲ್ಲ ಬಂತು, ಕಾಲಲ್ಲಿ ಉಂಗುರವಿಲ್ಲದ್ದು. ಅದು ಹತ್ತಿರ ಬಂದ ಕೂಡಲೇ ಐದೂ ಸೇರಿ ಅದನ್ನು ನೆಲಕ್ಕೆ ಕೆಡವಿ ಕುಕ್ಕಿದವು. ಒಂದು ರೆಕ್ಕೆ ಹಿಡಿಯಿತು, ಇನ್ನೊಂದು ಕಣ್ಣಿಗೇ ಹೊಡೆಯಿತು. ಸುಲಭಾ ನೋಡಿದಳು, ನೋಡಿದಳು, ಕೊನೆಗೆ ಕಾಲಿನ ಚಪ್ಪಲಿ ತೆಗೆದು ತನ್ನ ಹಕ್ಕಿಗಳತ್ತಲೇ ಬೀಸಿ ಒಗೆದಳು.

"ನೀವೂ ಅಷ್ಟ! ನಿಮಗೂ ಒಂದು ಸಂಘ ಬೇಕಾತೇನು? ಬಂದವರನ್ನ ಹೊಡಿಯೋದೊಂದ ಬರತದ!"

ಹಗ್ಗ ಹಿಡಿದು ನಿಂತಿದ್ದ ಆರತಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಹೋಗಿ ಕಂಟಿಯೊಳಗಿಂದ ಚಪ್ಪಲಿ ಹುಡುಕಿ ತಂದು ಕೊಟ್ಟಳು.

ಆ ಒಂಟಿ ಹಕ್ಕಿ ಹೋಗಲಿಲ್ಲ. ಹೊಡೆಸಿಕೊಂಡು ದೂರ ಸರಿಯುವುದು, ಮರುದಿನ ಮತ್ತೆ ಬರುವುದು. ಗುಂಪು ಮೇಯುವ ಕಡೆ ಒಂದಷ್ಟು ದೂರದಲ್ಲಿ ತಾನೂ ಎಲೆ ಕೆದರುವುದು. ಒಂದು ದಿನ ಗಿಡುಗ ಬಂದಾಗ ಮೊದಲು ಒದರಿದ್ದು ಅದೇ. ಆದರೂ ಸಂಜೆಗೆ ಅದಕ್ಕೆ ಹೊಡೆತ ಬಿತ್ತು. ಇದನ್ನು ಸುಲಭಾ ಆರತಿಗೆ ಸಿಟ್ಟಿನಿಂದಲೇ ಹೇಳುತ್ತಿದ್ದಳು. ಅದಕ್ಕೆ ಹೋಗಲು ಬೇರೆ ಜಾಗವಿಲ್ಲ, ಅದಕ್ಕೇ ಇದೆ ಎನ್ನುತ್ತಿದ್ದಳು.

ದಸರೆಯ ರಜೆ ಮುಗಿದು ಕಾಲೇಜು ತೆರೆದ ವಾರ ಅವಳು ರಕ್ತಪರಿಚಲನೆಯ ಪಾಠ ಮಾಡುತ್ತಿದ್ದಳು. ಮೇಜಿನ ಮೇಲೆ ಫೋನು ನಡುಗಿತು. ಆರತಿ. ಸುಲಭಾ ಕಟ್ ಮಾಡಿದಳು. ಮತ್ತೆ ಬಂತು. ಮತ್ತೆ ಕಟ್ ಮಾಡಿದಳು. ಮೂರನೇ ಸಲ ಬಂದಾಗ ಸೀಮೆಸುಣ್ಣವನ್ನು ಮೇಜಿಗೆ ಕುಕ್ಕಿ ಫೋನು ಎತ್ತಿದಳು.

"ಪಾಠದ ಹೊತ್ತಿನ್ಯಾಗ ಫೋನ್ ಮಾಡಬ್ಯಾಡ್ರಿ ಅಂತ ಎಷ್ಟು ಸಲ ಹೇಳಬೇಕು ನಿಮಗ?"

"ಒದರಬ್ಯಾಡ್ರಿ, ಕೇಳ್ರಿ," ಆರತಿಯ ದನಿ ಪಿಸುಮಾತಿನಂತಿತ್ತು. "ಕಂಟಿ ಹಂತ್ಯಾಕ ನಿಂತೇನಿ. ಆ ಹೊಡಿಸಿಕೊಳ್ಳಾದು ಐತಲ್ಲ, ಉಂಗುರ ಇಲ್ಲದ್ದು, ಅದರ ಕುತಗಿ ಬಾಚಾಕತ್ತೈತಿ ಒಂದು. ಕಣ್ಣು ಮುಚ್ಚಿಕೊಂಡು ಕುಂತೈತಿ ಅದು. ಸುಮ್ಮ ಕುಂತೈತಿ."

ಸುಲಭಾ ಕಿಟಕಿಯ ಕಡೆ ತಿರುಗಿ ನಿಂತಳು. ಹಿಂದೆ ಮಕ್ಕಳು ಗುಸುಗುಸು ಮಾಡುತ್ತಿದ್ದರು.

"ಬಾಚೋದು ಯಾವುದು? ಕಾಲು ನೋಡ್ರಿ. ಮುಖ ನೋಡಬ್ಯಾಡ್ರಿ, ಕಾಲು. ಯಾವ ಬಣ್ಣ ಅದ?"

"ತಡೀರಿ, ಎಲಿ ಅಡ್ಡ ಬಂದೈತಿ... ಕೆಂಪು. ಕೆಂಪೇ ಐತ್ರಿ."

"ಖರೇನ?"

"ನನಗ ಕೆಂಪು ಬಣ್ಣ ತಿಳಿಯಂಗಿಲ್ಲೇನ್ರಿ? ದಿನಾ ಬಟ್ಟಿ ಹೊಲಿಯಾಕಿ ನಾ!" ಎಂದು ಆರತಿ ಸಿಟ್ಟಿಗೆದ್ದಳು.

"ಹಂಗಾದ್ರ ಅಲ್ಲೇ ನಿಂದರ್ರಿ, ಅಲುಗಾಡಬ್ಯಾಡ್ರಿ, ಮಾತಾಡಬ್ಯಾಡ್ರಿ," ಎಂದು ಸುಲಭಾ ಗದರಿದಳು. "ಉಳದವು ಏನು ಮಾಡ್ತಾವ ನೋಡ್ರಿ. ಬಿಡುವಿಗೆ ನಾನ ಫೋನ್ ಮಾಡ್ತೇನಿ."

ಫೋನು ಇಟ್ಟು, ಮಕ್ಕಳ ಕಡೆ ತಿರುಗಿ, ಯಾರು ಮಾತಾಡುತ್ತಿದ್ದದ್ದು ಎಂದು ಕೇಳಿದಳು.